ನಾಯಿಯ ಸಮೇತ ಕ್ಲೆಮ್ಸನ್ ಪಂದ್ಯಕ್ಕೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ನಾಯಿಯನ್ನೂ ಕರೆದುಕೊಂಡು ಹೊರಡುವ ಮನೆಯವರು ಟಿಕೆಟ್ ಕೊಳ್ಳುವ ಮೊದಲೇ ಒಂದು ಪ್ರಶ್ನೆ ಬಗೆಹರಿಸಿಕೊಳ್ಳಬೇಕು. ಪಂದ್ಯ ನಡೆಯುವ ಆ ಮೂರೂವರೆ ನಾಲ್ಕು ಗಂಟೆ ನಾಯಿ ಯಾರ ಹತ್ತಿರ ಇರುತ್ತದೆ? ಟೆಂಟು, ಒಲೆ, ಮಡಚುವ ಕುರ್ಚಿ, ಮಕ್ಕಳಿಗೆ ಜರ್ಸಿ, ಇವೆಲ್ಲ ಆಮೇಲಿನ ಮಾತು. ಕ್ರೀಡಾಂಗಣದೊಳಗೆ ಅಂಗವಿಕಲರ ನೆರವಿಗೆಂದು ತರಬೇತಿ ಪಡೆದ ನಾಯಿಗಳ ಹೊರತು ಬೇರೆ ನಾಯಿಗಳಿಗೆ ಪ್ರವೇಶವಿಲ್ಲ. ಕಾರಿನಲ್ಲಿ ಬಿಟ್ಟರೆ ಜೀವಕ್ಕೇ ಅಪಾಯ. ಟೆಂಟಿನ ಪಕ್ಕ ಕಟ್ಟಿಹಾಕಿ ಬರಲು ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳ ನಿಯಮ ಒಪ್ಪುವುದಿಲ್ಲ. ಉಳಿಯುವ ದಾರಿ ಎರಡೇ: ಮನೆಯ ದೊಡ್ಡವರೊಬ್ಬರು ಪಂದ್ಯ ಬಿಟ್ಟು ನಾಯಿಯ ಜೊತೆ ಇರುವುದು, ಇಲ್ಲವೇ ಹತ್ತಿರದ ನಾಯಿ ಪಾಲನಾ ಕೇಂದ್ರದಲ್ಲಿ ಆ ದಿನಕ್ಕೆ ಜಾಗ ಹಿಡಿಯುವುದು. ಇದು ತೀರ್ಮಾನವಾದರೆ ಉಳಿದ ವಾರಾಂತ್ಯ ನಿಜಕ್ಕೂ ಸುಖವಾಗಿ ಸಾಗುತ್ತದೆ.

ಈ ಲೇಖನಕ್ಕೆ ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡಿದ್ದೇನೆ. ಅಟ್ಲಾಂಟಾ ಮತ್ತು ಷಾರ್ಲಟ್ ಎರಡೂ ಕನ್ನಡ ಕುಟುಂಬಗಳು ಸಾಕಷ್ಟು ನೆಲೆಸಿರುವ ಊರುಗಳು. ಎರಡೂ ಕಡೆಯಿಂದ ಐ-85 ಹೆದ್ದಾರಿಯಲ್ಲಿ ಎರಡು, ಎರಡೂವರೆ ಗಂಟೆ ಕಾರು ಓಡಿಸಿದರೆ ಕ್ಲೆಮ್ಸನ್ ಸಿಗುತ್ತದೆ. ಊರಿನ ಕಾಯಂ ಜನಸಂಖ್ಯೆ 17,000 ಚಿಲ್ಲರೆ. ಅಲ್ಲಿನ ಮೆಮೋರಿಯಲ್ ಕ್ರೀಡಾಂಗಣದಲ್ಲಿ 81,500 ಜನ ಕೂರುತ್ತಾರೆ. ಪಂದ್ಯದ ಶನಿವಾರ ಊರು ರಥೋತ್ಸವದ ದಿನದ ಹಾಗಿರುತ್ತದೆ. ಎತ್ತ ನೋಡಿದರೂ ಕಿತ್ತಳೆ ಬಣ್ಣ, ಒಲೆಯ ಹೊಗೆ, ಎಳೆಯ ಮಕ್ಕಳಿಂದ ಮುದುಕರವರೆಗೆ ಎಲ್ಲ ವಯಸ್ಸಿನವರು. ಎರಡು ಡಾಲರಿನ ನೋಟಿನ ಮೇಲೆ ತಂಡದ ಲಾಂಛನವಾದ ಹುಲಿಯ ಹೆಜ್ಜೆಯ ಮುದ್ರೆ ಒತ್ತಿ ಖರ್ಚು ಮಾಡುವ ರೂಢಿ ಕ್ಲೆಮ್ಸನ್ ಅಭಿಮಾನಿಗಳಲ್ಲಿ 1977ರಿಂದ ಇದೆ. ಮಕ್ಕಳ ಕೈಗೆ ಅಂಥದೊಂದು ನೋಟು ಕೊಡಿಸಿ, ಬಹಳ ಖುಷಿಪಡುತ್ತಾರೆ.

ಎಲ್ಲಿ ತಂಗಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನಾಯಿಯಿದ್ದರೆ ಕ್ರೀಡಾಂಗಣದ ಸುತ್ತಲಿನ ಪಾರ್ಕಿಂಗ್ ಲಾಟ್‌ಗಳಲ್ಲಿ ರಾತ್ರಿ ಕಳೆಯುವ ಯೋಚನೆ ಬೇಡ. ಹತ್ತಿರದ ಲಾಟ್‌ಗಳು ಹೆಚ್ಚಾಗಿ ಐಪ್ಟೇ ಎಂಬ ದಾನಿಗಳ ಸಂಸ್ಥೆಯ ಸದಸ್ಯರ ಪಾಲಾಗುತ್ತವೆ. ವರ್ಷಕ್ಕೆ ಹತ್ತು ಡಾಲರ್ ವಂತಿಗೆಯಿಂದ 1934ರಲ್ಲಿ ಶುರುವಾದ ಸಂಸ್ಥೆ ಅದು. ಜಾಗ ಸಿಕ್ಕರೂ ಜನರೇಟರ್‌ಗಳ ಸದ್ದು, ನಡುರಾತ್ರಿಯವರೆಗೆ ಸಂಗೀತ, ನೆಲದ ಮೇಲೆ ಚೆಲ್ಲಿದ ಮೂಳೆ, ಒಡೆದ ಗಾಜು, ಇವುಗಳ ನಡುವೆ ನಾಯಿ ಕಣ್ಣು ಮುಚ್ಚುವುದಿಲ್ಲ, ನೀವೂ ಮುಚ್ಚುವುದಿಲ್ಲ. ಬದಲಿಗೆ ಹಾರ್ಟ್‌ವೆಲ್ ಸರೋವರದ ದಂಡೆಗೆ ಹೋಗಿ. ಸವನ್ನಾ ನದಿಗೆ ಕಟ್ಟಿದ ಅಣೆಕಟ್ಟೆಯಿಂದ 1960ರ ದಶಕದ ಆರಂಭದಲ್ಲಿ ತುಂಬಿಕೊಂಡ ಈ ಸರೋವರ ಸುಮಾರು 56,000 ಎಕರೆಯಷ್ಟು ಹರಡಿದೆ. ವಿಶ್ವವಿದ್ಯಾಲಯದ ಅಂಚಿಗೇ ನೀರು ಬಂದು ನಿಲ್ಲುತ್ತದೆ. ಕ್ರೀಡಾಂಗಣ ಮುಳುಗಬಾರದೆಂದು ಅಲ್ಲಿ ಬೇರೆಯಾಗಿ ಒಡ್ಡುಗಳನ್ನೇ ಕಟ್ಟಬೇಕಾಯಿತು.

ಈ ದಂಡೆಯಲ್ಲಿ ಅಮೆರಿಕ ಸೇನೆಯ ಇಂಜಿನಿಯರಿಂಗ್ ವಿಭಾಗ, ಅಂದರೆ ಆರ್ಮಿ ಕೋರ್, ನಡೆಸುವ ಕ್ಯಾಂಪ್‌ಗ್ರೌಂಡ್‌ಗಳಿವೆ. ಪೆಂಡಲ್‌ಟನ್ ಬಳಿಯ ಟ್ವಿನ್ ಲೇಕ್ಸ್ ಕ್ಲೆಮ್ಸನ್‌ಗೆ ತೀರ ಹತ್ತಿರದ್ದು. ಕಾಯ್ದಿರಿಸುವುದು ರಿಕ್ರಿಯೇಶನ್ ಡಾಟ್ ಗವ್ ತಾಣದಲ್ಲಿ. ಸಾಮಾನ್ಯವಾಗಿ ಆರು ತಿಂಗಳು ಮೊದಲು ಜಾಗಗಳು ತೆರೆದುಕೊಳ್ಳುತ್ತವೆ. ಪಂದ್ಯಗಳ ದಿನಾಂಕಪಟ್ಟಿ ಚಳಿಗಾಲದಲ್ಲೇ ಹೊರಬೀಳುವುದರಿಂದ, ಅಕ್ಟೋಬರಿನ ಪಂದ್ಯಕ್ಕೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕಂಪ್ಯೂಟರ್ ಮುಂದೆ ಕೂರಬೇಕು. ತಡಮಾಡಿದರೆ ನೀರಿನ ಪಕ್ಕದ ಜಾಗ ಸಿಗುವುದಿಲ್ಲ. ವಾರಾಂತ್ಯಕ್ಕೆ ಎರಡು ರಾತ್ರಿಯಾದರೂ ಹಿಡಿಯಬೇಕೆಂಬ ನಿಯಮ ಹಲವೆಡೆ ಇದೆ. ಅದು ನಿಮಗೂ ಒಳ್ಳೆಯದೇ. ಶುಕ್ರವಾರ ಸಂಜೆ ಬಂದು ಟೆಂಟು ಹಾಕಿದರೆ ಹೊಸ ಜಾಗದ ವಾಸನೆ ನಾಯಿಗೆ ಒಂದು ರಾತ್ರಿಯಲ್ಲಿ ಪರಿಚಯವಾಗುತ್ತದೆ. ಶನಿವಾರದ ಗದ್ದಲಕ್ಕೆ ಮೊದಲು ಅದಕ್ಕೆ ಈ ಒಂದು ರಾತ್ರಿ ಬೇಕೇ ಬೇಕು.

ಕೋರ್‌ನ ನಿಯಮಗಳು ಕೇಂದ್ರ ಸರ್ಕಾರದ ಕಾನೂನಾದ್ದರಿಂದ ಅವನ್ನು ಓದಿಕೊಂಡೇ ಹೋಗಬೇಕು. ನಾಯಿ ಆರು ಅಡಿಗಿಂತ ಚಿಕ್ಕ ಲೀಶ್‌ನಲ್ಲಿ, ಅಥವಾ ಕ್ರೇಟ್‌ನಲ್ಲಿ ಇರಬೇಕು. ಈಜುವ ದಂಡೆ, ಮಕ್ಕಳ ಆಟದ ಜಾಗ, ಶೌಚಾಲಯ ಸ್ನಾನಗೃಹಗಳಿಗೆ ಅದನ್ನು ಕರೆದೊಯ್ಯುವಂತಿಲ್ಲ. ಬೇರೆಯವರಿಗೆ ತೊಂದರೆಯಾಗುವಷ್ಟು ಬೊಗಳಲು ಬಿಡುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಲ್ಲರೂ ಸದ್ದಿಲ್ಲದೆ ಇರಬೇಕು. ಮುಖ್ಯವಾದದ್ದು ಇದು: ಯಾರೂ ಜೊತೆಗಿಲ್ಲದೆ ಬಿಟ್ಟ ನಾಯಿಯನ್ನು ಸಿಬ್ಬಂದಿ ಆ ಕ್ಷಣವೇ ವಶಕ್ಕೆ ತೆಗೆದುಕೊಳ್ಳಬಹುದು. ಬಾಡಿಗೆಯ ಆರ್‌ವಿ, ಅಂದರೆ ಮನೆಯಂಥ ವಾಹನ, ತಂದು ಒಳಗೆ ಎಸಿ ಹಾಕಿ ನಾಯಿಯನ್ನು ಬಿಟ್ಟು ಹೋಗುವವರೂ ಇದ್ದಾರೆ. ಕರೆಂಟು ಹೋದರೆ, ಬ್ರೇಕರ್ ಬಿದ್ದರೆ ಆ ಪೆಟ್ಟಿಗೆ ಎಷ್ಟು ಬೇಗ ಕಾಯುತ್ತದೆಂದು ಯೋಚಿಸಿದರೆ ಯಾರೂ ಆ ಧೈರ್ಯ ಮಾಡಲಾರರು.

ಕಾರಿನ ಲೆಕ್ಕವೂ ಅದೇ. ಹೊರಗೆ 70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮಗೆ ಹಿತವೆನಿಸುವ 21 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 104 ಡಿಗ್ರಿ ಫ್ಯಾರನ್‌ಹೀಟ್ ತಲುಪುತ್ತದೆ. ಕಿಟಕಿಯನ್ನು ಬೆರಳಗಲ ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೊಂದೇ ಅದರ ಮುಖ್ಯ ಉಪಾಯ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಅದೂ ಸರಿಯಾಗಿ ಸಾಗದು.

ಬಿಸಿಲಿನ ವಿಷಯದಲ್ಲಿ ತಂಡಗಳ ಲಾಂಛನವಾಗಿರುವ ನಾಯಿಗಳ ಕಥೆಗಳೇ ಪಾಠ ಹೇಳುತ್ತವೆ. ಜಾರ್ಜಿಯಾ ವಿಶ್ವವಿದ್ಯಾಲಯದ ಉಗಾ ಎಂಬ ಬಿಳಿ ಬುಲ್‌ಡಾಗ್‌ಗಳ ಪರಂಪರೆ 1956ರಿಂದ ನಡೆದುಬಂದಿದೆ. ಮೈದಾನದ ಅಂಚಿನಲ್ಲಿ ಅದಕ್ಕೆ ಎಸಿ ಇರುವ ಪುಟ್ಟ ಮನೆಯಿರುತ್ತದೆ, ಕೂರಲು ಮಂಜುಗಡ್ಡೆಯ ಚೀಲಗಳಿರುತ್ತವೆ. ಟೆನೆಸ್ಸಿಯ ಸ್ಮೋಕಿ ಬ್ಲೂಟಿಕ್ ಕೂನ್‌ಹೌಂಡ್ ತಳಿಯದು. 1991ರ ಯುಸಿಎಲ್‌ಎ ಪಂದ್ಯದಲ್ಲಿ ಆರನೆಯ ಸ್ಮೋಕಿ ಶಾಖದಿಂದ ಬಳಲಿ, ಗಾಯಾಳು ಆಟಗಾರರ ಪಟ್ಟಿಯಲ್ಲಿ ಅದರ ಹೆಸರೂ ಸೇರಿತು. ಅಷ್ಟು ಜನ ಸುತ್ತ ನಿಂತು ನೋಡಿಕೊಳ್ಳುವ ನಾಯಿಗೇ ಹೀಗಾಗುವುದಾದರೆ, ಡಾಂಬರಿನ ಮೇಲೆ ನಿಮ್ಮ ಕುರ್ಚಿಗೆ ಕಟ್ಟಿದ ನಾಯಿಯ ಪಾಡೇನು? ಅಂಗೈ ಹಿಂಭಾಗವನ್ನು ಡಾಂಬರಿಗೆ ಏಳು ಸೆಕೆಂಡು ಒತ್ತಿ ಹಿಡಿಯಿರಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ಆಗದು. ವಿಪರೀತ ಏದುಸಿರು, ದಪ್ಪ ಜೊಲ್ಲು, ತೂರಾಡುವಿಕೆ, ವಾಂತಿ ಕಂಡರೆ ನೆರಳಿಗೆ ಕರೆದೊಯ್ದು ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ಪಶುವೈದ್ಯರ ಬಳಿಗೆ ಹೊರಡಿ.

ಆದ್ದರಿಂದ ತಿಂಗಳು ಆರಿಸುವಾಗಲೇ ನಾಯಿಯನ್ನು ನೆನೆಯಬೇಕು. ಸೆಪ್ಟೆಂಬರಿನಲ್ಲಿ ಚಿಕ್ಕ ಕಾಲೇಜುಗಳ ವಿರುದ್ಧದ ಪಂದ್ಯಗಳಿಗೆ ಟಿಕೆಟ್ ಅಗ್ಗ, ಆದರೆ ಬಿಸಿಲು ಉರಿಯುತ್ತಿರುತ್ತದೆ. ನವೆಂಬರ್ ಕೊನೆಗೆ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಮೇಲಿನ ಪಂದ್ಯ ಕ್ಲೆಮ್ಸನ್‌ನಲ್ಲಿ ನಡೆಯುವ ವರ್ಷವಾದರೆ, ಆ ನೂಕುನುಗ್ಗಲು ನಾಯಿ ಮಕ್ಕಳ ಜೊತೆಗಲ್ಲ. ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗಿನ ವಾರಗಳೇ ಸರಿ. ಹಗಲು ಹಿತ, ಬೆಟ್ಟಗಳ ಕಡೆ ಎಲೆಗಳ ಬಣ್ಣ ಬದಲಾಗಿರುತ್ತದೆ. ರಾತ್ರಿ ಚಳಿಯಿರುತ್ತದೆ, ನಾಯಿಗೂ ದಪ್ಪ ಹಾಸಿಗೆ ಬೇಕು.

ಪಂದ್ಯ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂಬುದು ಜಾಗ ಕಾಯ್ದಿರಿಸುವ ದಿನ ನಿಮಗೆ ಗೊತ್ತಿರುವುದಿಲ್ಲ. ಸಮಯ ಗೊತ್ತುಮಾಡುವವರು ಟಿವಿ ವಾಹಿನಿಗಳು. ಎಷ್ಟೋ ಪಂದ್ಯಗಳಿಗೆ ಹನ್ನೆರಡು ದಿನ ಮೊದಲು, ಕೆಲವೊಮ್ಮೆ ಆರೇ ದಿನ ಮೊದಲು ತಿಳಿಸುತ್ತಾರೆ. ಸಾಮಾನ್ಯವಾಗಿ ಮಧ್ಯಾಹ್ನ 12, ಮೂರೂವರೆ, ಇಲ್ಲವೇ ರಾತ್ರಿ ಏಳೂವರೆ. ಏಳೂವರೆಯ ಪಂದ್ಯವಾದರೆ ಮುಗಿಯುವಾಗ ಹನ್ನೊಂದು, ಟ್ರಾಫಿಕ್ ದಾಟಿ ಕ್ಯಾಂಪ್ ಸೇರುವಾಗ ನಡುರಾತ್ರಿ ಕಳೆದಿರುತ್ತದೆ. ಹಲವು ಕ್ಯಾಂಪ್‌ಗ್ರೌಂಡ್‌ಗಳ ಗೇಟು ರಾತ್ರಿ ಹತ್ತಕ್ಕೇ ಮುಚ್ಚುತ್ತದೆ. ಪಂದ್ಯದ ರಾತ್ರಿ ಹೇಗೆ ಒಳಗೆ ಬರಬೇಕೆಂದು ಶುಕ್ರವಾರ ಚೆಕ್-ಇನ್ ಮಾಡುವಾಗಲೇ ಗೇಟಿನವರನ್ನು ಕೇಳಿ. ಮಿಂಚು ಬಂದರೆ ಆಟ ನಿಲ್ಲುತ್ತದೆ, ಕೊನೆಯ ಮಿಂಚಿನಿಂದ ಕನಿಷ್ಠ 30 ನಿಮಿಷ ಕಾಯುತ್ತಾರೆ. ನಾಯಿಯ ಬಳಿ ಇರುವವರಿಗೆ ಅಷ್ಟು ಹೆಚ್ಚಿನ ಹೊತ್ತು ಇರಬೇಕಾಗಬಹುದೆಂದು ಮೊದಲೇ ಹೇಳಿಡಿ.

ಹಾಗಾದರೆ ಉಳಿಯುವವರು ಯಾರು? ಊರಿಂದ ಅಪ್ಪ ಅಮ್ಮ ಬಂದಿದ್ದರೆ ಎಲ್ಲರ ಕಣ್ಣೂ ಅವರ ಮೇಲೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಗುರುತಿಲ್ಲದ ಕಾಡಿನಂಚಿನಲ್ಲಿ, ಕಾರು ಓಡಿಸಲು ಲೈಸೆನ್ಸ್ ಇಲ್ಲದೆ, ಎಳೆದಾಡುವ ನಾಯಿಯ ಜೊತೆ ವಯಸ್ಸಾದವರನ್ನು ನಾಲ್ಕೈದು ಗಂಟೆ ಬಿಟ್ಟು ಹೋಗುವುದು ಸರಿಯಲ್ಲ. ಅವರಿಗೂ ಪಂದ್ಯ ನೋಡುವ ಆಸೆ ಇರುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರು ಈ ವರ್ಷ, ಇನ್ನೊಬ್ಬರು ಬರುವ ವರ್ಷ ಎಂದು ಹಂಚಿಕೊಳ್ಳಿ. ಎರಡು ಮೂರು ಕನ್ನಡ ಕುಟುಂಬಗಳು ಅಕ್ಕಪಕ್ಕದ ಜಾಗ ಹಿಡಿದರೆ ಇನ್ನೂ ಸುಲಭ; ಫುಟ್‌ಬಾಲ್ ಎಂದರೆ ಆಗದವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. ಹಾಫ್ ಟೈಮ್‌ಗೆ ಸರದಿ ಬದಲಿಸೋಣ ಎಂಬ ಯೋಚನೆ ನಡೆಯುವುದಿಲ್ಲ. ವಿರಾಮ ಸಾಮಾನ್ಯವಾಗಿ 20 ನಿಮಿಷ, ಅಷ್ಟರೊಳಗೆ ಕಾರು ಲಾಟ್ ಬಿಟ್ಟು ಹೊರಡುವುದೂ ಇಲ್ಲ.

ಪಾಲನಾ ಕೇಂದ್ರಕ್ಕೆ ಬಿಡುವುದಾದರೆ ಕ್ಲೆಮ್ಸನ್, ಸೆನೆಕಾ, ಆ್ಯಂಡರ್ಸನ್ ಊರುಗಳಲ್ಲಿ ಹುಡುಕಿ. ಪಂದ್ಯದ ವಾರಾಂತ್ಯಗಳಲ್ಲಿ ಅಲ್ಲೂ ಜಾಗ ಬೇಗ ತುಂಬುತ್ತದೆ, ಆದ್ದರಿಂದ ಕ್ಯಾಂಪಿನ ಜೊತೆಗೇ ಅದನ್ನೂ ಕಾಯ್ದಿರಿಸಿ. ರೇಬೀಸ್, ಡಿಸ್ಟೆಂಪರ್-ಪಾರ್ವೊ, ಬೋರ್ಡೆಟೆಲ್ಲಾ ಲಸಿಕೆಗಳ ದಾಖಲೆ ಕೇಳುತ್ತಾರೆ. ಶನಿವಾರ ಎಷ್ಟು ಹೊತ್ತಿಗೆ ಬಾಗಿಲು ಮುಚ್ಚುತ್ತಾರೆಂದು ತಿಳಿದುಕೊಳ್ಳಿ. ರಾತ್ರಿ ಪಂದ್ಯವಾದರೆ ನಾಯಿ ಆ ರಾತ್ರಿ ಅಲ್ಲೇ ಇರಬೇಕಾಗುತ್ತದೆ.

ಪಂದ್ಯಕ್ಕೆ ಮೊದಲಿನ ಟೇಲ್‌ಗೇಟಿಂಗ್‌ಗೆ, ಅಂದರೆ ಕಾರಿನ ಡಿಕ್ಕಿ ತೆರೆದು ಅಡುಗೆ ಮಾಡಿ ಊಟ ಹಂಚುವ ಆ ಸಡಗರಕ್ಕೆ, ನಾಯಿಯನ್ನು ಕರೆದೊಯ್ಯಬಹುದೇ? ಆ ವರ್ಷದ ನಿಯಮ ಏನೆಂದು ವಿಶ್ವವಿದ್ಯಾಲಯದ ತಾಣದಲ್ಲಿ ನೋಡಿ. ಅವಕಾಶವಿದ್ದರೆ ಬೆಳಗಿನ ಒಂದೆರಡು ಗಂಟೆ ಸಾಕು. ಹುಲ್ಲಿನ ಜಾಗ, ನೆರಳು ನೋಡಿ ಕೂರಿ. ಉದ್ದಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೇಡ. ಕೊರಳಪಟ್ಟಿಯ ಬಿಲ್ಲೆಯಲ್ಲಿ ಈಗ ಬಳಸುವ ಫೋನ್ ನಂಬರು ಇರಲಿ, ಮೈಕ್ರೋಚಿಪ್ ದಾಖಲೆಯಲ್ಲೂ ಅದೇ ನಂಬರು ಇದೆಯೇ ನೋಡಿ. ಮನೆ ಬದಲಿಸಿದಾಗ ಇದನ್ನು ಮರೆಯುವವರೇ ಹೆಚ್ಚು. ಪಂದ್ಯ ಶುರುವಾಗಲು ಒಂದೂವರೆ ಗಂಟೆ ಇರುವಾಗಲೇ ನಾಯಿಯನ್ನು ಕ್ಯಾಂಪಿಗೆ ಸಾಗಿಸಿಬಿಡಿ. ಆಟಗಾರರು ಮೈದಾನಕ್ಕಿಳಿಯುವಾಗ ಕ್ಲೆಮ್ಸನ್‌ನಲ್ಲಿ ಫಿರಂಗಿ ಹಾರಿಸುತ್ತಾರೆ. ಆ ಸದ್ದು ಲಾಟ್‌ಗಳಲ್ಲೂ ಎದೆಗೆ ಬಡಿಯುತ್ತದೆ. ಬೆದರಿದ ನಾಯಿ ಲೀಶ್ ಕಿತ್ತುಕೊಂಡು ಓಡಿದರೆ ಎಂಬತ್ತು ಸಾವಿರ ಜನರ ನಡುವೆ ಹುಡುಕುವುದು ಹೇಗೆ?

ಊಟದ ವಿಷಯಕ್ಕೆ ಬಂದರೆ, ನಮ್ಮ ಮನೆಯ ಡಬ್ಬಿಗಳಲ್ಲಿರುವ ಅಪಾಯ ಅಮೆರಿಕನ್ನರ ಬಾರ್ಬೆಕ್ಯೂಗಿಂತ ಕಡಿಮೆಯೇನಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೆಂದಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಲಕ್ಷಣ ಕಾಣಿಸುವುದು ಒಂದೆರಡು ದಿನ ಕಳೆದ ಮೇಲೆ, ಆದ್ದರಿಂದ ತಿಂದ ದಿನ ಯಾರಿಗೂ ಗೊತ್ತಾಗುವುದಿಲ್ಲ. ಪಲಾವ್, ವಾಂಗಿಬಾತ್, ಈರುಳ್ಳಿ ಹಾಕಿದ ಚಿತ್ರಾನ್ನ, ಪಕೋಡ, ಸಾಗು ಯಾವುದೂ ಬೇಡ. ಕೇಸರಿಬಾತ್, ಪಾಯಸದಲ್ಲಿರುವ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಎಂದು ಮೊದಲೇ ಹೇಳಲಾಗದ ಪದಾರ್ಥ ಅದು. ಚಾಕೊಲೇಟ್ ಬೇಡ. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಝೈಲಿಟಾಲ್ ಚಿಟಿಕೆಯಷ್ಟಿದ್ದರೂ ಕೆಟ್ಟದ್ದು. ಸುಟ್ಟ ಮೆಕ್ಕೆಜೋಳ ತಿಂದು ಮಕ್ಕಳು ಎಸೆಯುವ ದಿಂಡು ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತದೆ. ಅಜ್ಜಿಯ ಕೈಯಿಂದ ಏನಾದರೂ ಕೊಡಲೇಬೇಕೆಂದರೆ ಒಗ್ಗರಣೆ ಹಾಕದ ಮೊಸರನ್ನದ ಒಂದು ಸಣ್ಣ ತುತ್ತು, ಒಂದೆರಡು ಬೇಯಿಸಿದ ಕ್ಯಾರೆಟ್ ತುಂಡು ಸಾಕು. ಏನಾದರೂ ನುಂಗಿದೆ ಎಂಬ ಅನುಮಾನ ಬಂದರೆ ಎಎಸ್‌ಪಿಸಿಎ ಸಂಸ್ಥೆಯ ವಿಷ ಸಹಾಯವಾಣಿ 888-426-4435 ಹಗಲೂ ರಾತ್ರಿ ತೆರೆದಿರುತ್ತದೆ. ಶುಲ್ಕ ಕೇಳಬಹುದು, ಕೊಟ್ಟುಬಿಡಿ. ಗ್ರೀನ್‌ವಿಲ್, ಆ್ಯಂಡರ್ಸನ್ ಕಡೆ ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆ ಯಾವುದಿದೆ ಎಂದು ಹೊರಡುವ ಮೊದಲೇ ಹುಡುಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಕ್ಯಾಂಪಿನಲ್ಲಿ ಟೆಂಟು ಹಾಕುವ ಮೊದಲು ನೆಲ ನೋಡಿ. ಬೆಂಕಿ ಇರುವೆಗಳ ಮಣ್ಣಿನ ಗುಪ್ಪೆಗಳು ಆ ಕಡೆ ಸಾಮಾನ್ಯ, ನಾಯಿಯ ಹೊಟ್ಟೆಯ ಮೇಲೆ ಹತ್ತಿದರೆ ನರಳುತ್ತದೆ. ಕಾಪರ್‌ಹೆಡ್ ಎಂಬ ವಿಷದ ಹಾವು ಒಣ ಎಲೆಗಳ ಬಣ್ಣಕ್ಕೇ ಇರುತ್ತದೆ, ಸಂಜೆ ಟಾರ್ಚ್ ಇಲ್ಲದೆ ತಿರುಗಾಡಬೇಡಿ. ಉಣ್ಣೆ ಹುಳಗಳು ಶರತ್ಕಾಲದಲ್ಲೂ ಹತ್ತುತ್ತವೆ. ಕಿವಿ, ಕಂಕುಳು, ಬೆರಳುಗಳ ಸಂದು ದಿನಕ್ಕೆರಡು ಸಲ ತಡಕಿ ನೋಡಿ. ಸೊಳ್ಳೆಯಿಂದ ಹರಡುವ ಹೃದಯದ ಹುಳು ಆಗ್ನೇಯ ರಾಜ್ಯಗಳಲ್ಲಿ ಹೆಚ್ಚು, ತಿಂಗಳ ಮಾತ್ರೆ ತಪ್ಪಿರಬಾರದು. ಸೌದೆಯನ್ನು ಮನೆಯಿಂದ ಹೊತ್ತುಕೊಂಡು ಹೋಗಬೇಡಿ; ಮರ ಕೊಲ್ಲುವ ಕೀಟಗಳು ಅದರ ಜೊತೆಯಲ್ಲೇ ಪ್ರಯಾಣ ಮಾಡುತ್ತವೆ. ಅಲ್ಲೇ ಕೊಳ್ಳಿ. ರಾತ್ರಿ ನಾಯಿ ನಿಮ್ಮ ಜೊತೆ ಟೆಂಟಿನೊಳಗೇ ಮಲಗಲಿ, ಊಟದ ಡಬ್ಬಿಗಳು ಕಾರಿನೊಳಗಿರಲಿ.

ಇನ್ನು ಪಂದ್ಯ. ಹದಿನೈದು ನಿಮಿಷದ ನಾಲ್ಕು ಭಾಗಗಳ ಆಟ. ಚೆಂಡು ಹಿಡಿದ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು ಎಂಬಷ್ಟು ತಿಳಿದರೆ ಮೊದಲ ಸಲ ನೋಡುವವರಿಗೂ ರಸ ಹತ್ತುತ್ತದೆ. ತಪ್ಪಿಸಿಕೊಳ್ಳಬಾರದ್ದು ಶುರುವಿನ ಕ್ಷಣಗಳು. ಆಟಗಾರರು ಪೂರ್ವದ ದಿಬ್ಬದ ತುದಿಯಲ್ಲಿರುವ ಕಲ್ಲನ್ನು ಮುಟ್ಟಿ ಕೆಳಗೆ ಓಡಿಬರುತ್ತಾರೆ. ಹಿಂದಿನ ತರಬೇತುದಾರ ಫ್ರಾಂಕ್ ಹೋವರ್ಡ್ ಹೆಸರಿನ ಆ ಕಲ್ಲು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಿಂದ ಬಂದದ್ದು. 1966ರಲ್ಲಿ ಅದನ್ನು ಪೀಠದ ಮೇಲೆ ಕೂರಿಸಿದರು. ಪಂದ್ಯ ಮುಗಿದ ಮೇಲೆ ಪ್ರೇಕ್ಷಕರಿಗೂ ಮೈದಾನಕ್ಕಿಳಿಯಲು ಬಿಡುವ ಪದ್ಧತಿ ಕ್ಲೆಮ್ಸನ್‌ನಲ್ಲಿದೆ. ಮಕ್ಕಳು ಆ ಹುಲ್ಲಿನ ಮೇಲೆ ಓಡಾಡಿ, ನಡುವಿನ ಹುಲಿಹೆಜ್ಜೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಅದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ, ರಸ್ತೆಯೂ ಅಷ್ಟರಲ್ಲಿ ಸ್ವಲ್ಪ ಸಡಿಲವಾಗಿರುತ್ತದೆ. ಚೀಲ ಪಾರದರ್ಶಕ ಪ್ಲಾಸ್ಟಿಕ್‌ನದೇ ಆಗಬೇಕು, 12-6-12 ಅಂಗುಲಕ್ಕಿಂತ ದೊಡ್ಡದಿರಬಾರದು.

ಭಾನುವಾರ ಪೂರ್ತಿ ನಾಯಿಗೆ ಕೊಡಿ. ವಿಶ್ವವಿದ್ಯಾಲಯದ ಪಕ್ಕದಲ್ಲೇ ಇರುವ ದಕ್ಷಿಣ ಕೆರೊಲಿನಾ ಸಸ್ಯೋದ್ಯಾನ 295 ಎಕರೆಯದು, ಪ್ರವೇಶ ಉಚಿತ, ಲೀಶ್ ಹಾಕಿದ ನಾಯಿಗೆ ಸ್ವಾಗತ. ಇನ್ನೂ ಉತ್ಸಾಹವಿದ್ದರೆ ವಾಲ್ಹಾಲಾ ಊರಿನಾಚೆಯ ಸ್ಟಂಪ್‌ಹೌಸ್ ಸುರಂಗಕ್ಕೆ ಹೋಗಿ. ಅಂತರ್ಯುದ್ಧಕ್ಕೆ ಮೊದಲು ರೈಲಿಗಾಗಿ ಬಂಡೆ ಕೊರೆಯಲು ಶುರುಮಾಡಿ ಹಣವಿಲ್ಲದೆ ಅರ್ಧಕ್ಕೆ ಬಿಟ್ಟ ಸುರಂಗ ಅದು. ಒಳಗೆ ವರ್ಷವಿಡೀ ತಂಪು. ಆ ತಂಪನ್ನೇ ನಂಬಿ 1940ರ ದಶಕದಲ್ಲಿ ಕ್ಲೆಮ್ಸನ್‌ನವರು ಅಲ್ಲಿ ಬ್ಲೂ ಚೀಸ್ ಹದಗೊಳಿಸಲು ತೊಡಗಿದರು. ಪಕ್ಕದಲ್ಲೇ ಇಸಕ್ವೀನಾ ಜಲಪಾತ. ಜಿಂಕೆ ಬೇಟೆಯ ಕಾಲವಾದ್ದರಿಂದ ಸುತ್ತಲ ಕಾಡಿನ ಹಾದಿಗಳಲ್ಲಿ ನಡೆಯುವಾಗ ನಾಯಿಗೂ ನಿಮಗೂ ಎದ್ದುಕಾಣುವ ಕಿತ್ತಳೆ ಬಣ್ಣದ ಅಂಗಿ ಇರಲಿ.

ಕೊನೆಯದಾಗಿ ಒಂದು ಮಾತು. ಜುಲೈ ನಾಲ್ಕರ ಪಟಾಕಿಗೆ, ದೀಪಾವಳಿಯ ಸದ್ದಿಗೆ ಮಂಚದ ಕೆಳಗೆ ನುಗ್ಗಿ ನಡುಗುವ ನಾಯಿ ನಿಮ್ಮದಾಗಿದ್ದರೆ ಅದನ್ನು ಈ ವಾರಾಂತ್ಯಕ್ಕೆ ಕರೆದೊಯ್ಯಬೇಡಿ. ಗುರುತಿರುವ ಸ್ನೇಹಿತರ ಮನೆಯಲ್ಲಿ ಬಿಟ್ಟು ಹೋಗಿ. ಫುಟ್‌ಬಾಲ್ ಇಲ್ಲದ ಬೇಸಿಗೆಯ ಆರಂಭದಲ್ಲಿ ಅದೇ ಸರೋವರದ ದಂಡೆಯಲ್ಲಿ, ಕಡಿಮೆ ಜನರ ನಡುವೆ, ನಾಯಿಗೆಂದೇ ಎರಡು ರಾತ್ರಿ ಜಾಗ ಹಿಡಿಯಿರಿ.